ಕೇನ್ಸ್ ಕಲಿತ ಪಾಠ

ಹಣವನ್ನು ಗಳಿಸುವುದು ಒಂದು ವಿದ್ಯೆ. ಗಳಿಸಿದುದನ್ನು ಕಾಪಾಡಿ ಬೆಳೆಸುವುದು ಮತ್ತೊಂದು ವಿದ್ಯೆ. ಎರಡನೆಯದಕ್ಕೆ ಲೆಕ್ಕದ ಜ್ಞಾನವೊಂದೇ ಸಾಲದು. ಸ್ವತಂತ್ರ ಆಲೋಚನೆಯೂ ಸಹನೆಯೂ ಬೇಕು. ಈ ಮಾತಿಗೆ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞನಾದ ಜಾನ್ ಮೇನಾರ್ಡ್ ಕೇನ್ಸನ ಬಾಳು ಉತ್ತಮ ನಿದರ್ಶನವಾಗಿದೆ.

ಕೇನ್ಸನು 1883ರಲ್ಲಿ ಕೇಂಬ್ರಿಜ್ ನಗರದಲ್ಲಿ ಜನಿಸಿದನು. ವ್ಯಾಸಂಗವನ್ನು ಮುಗಿಸಿದ ಮೇಲೆ, ಭಾರತದ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಲಂಡನ್ನಿನ ಕಚೇರಿಯಲ್ಲಿ ಕೆಲವು ಕಾಲ ಕೆಲಸಮಾಡಿದನು. 1913ರಲ್ಲಿ ಪ್ರಕಟವಾದ ಅವನ ಮೊದಲ ಗ್ರಂಥದ ವಿಷಯವೂ ಭಾರತದ ಹಣಕಾಸಿನ ವ್ಯವಸ್ಥೆಯೇ. ಮುಂದೆ ಅವನು ತಾನು ಓದಿದ ಕಿಂಗ್ಸ್ ಕಾಲೇಜಿನ ಹಣಕಾಸಿನ ಹೊಣೆಯನ್ನು ಹೊತ್ತನು. 1924ರಲ್ಲಿ ಅದರ ಖಜಾಂಚಿಯಾಗಿ, 1946ರಲ್ಲಿ ನಿಧನ ಹೊಂದುವವರೆಗೂ ಆ ಸ್ಥಾನದಲ್ಲಿದ್ದನು.

ಆ ಕಾಲದಲ್ಲಿ ಅಲ್ಲಿಯ ಕಾಲೇಜುಗಳ ಆಸ್ತಿಯೆಂದರೆ ಮುಖ್ಯವಾಗಿ ಜಮೀನು ಮತ್ತು ಸಾಲಪತ್ರಗಳು. ಹಿಂದಿನವರು ನಡೆದ ದಾರಿಯೇ ಕ್ಷೇಮವೆಂದು ಎಲ್ಲರೂ ನಂಬಿದ್ದರು. ಕೇನ್ಸನು ಈ ನಂಬಿಕೆಯನ್ನು ಪ್ರಶ್ನಿಸಿದನು. ಚೆನ್ನಾಗಿ ನಡೆಯುವ ಉದ್ಯಮವು ತನ್ನ ಲಾಭವನ್ನೆಲ್ಲ ಹಂಚಿಬಿಡುವುದಿಲ್ಲ. ಒಂದು ಪಾಲನ್ನು ಮತ್ತೆ ಉದ್ಯಮಕ್ಕೇ ತೊಡಗಿಸುತ್ತದೆ. ಹೀಗಾಗಿ ಅದರ ಷೇರಿನ ಮೌಲ್ಯವು ವರ್ಷವರ್ಷಕ್ಕೆ ಬೆಳೆಯುತ್ತದೆಂಬುದನ್ನು ಅವನು ಮನಗಂಡನು. ಕಾಲೇಜಿನ ಜಮೀನುಗಳಲ್ಲಿ ಕೆಲವನ್ನು ಮಾರಿಸಿ, ಹಣದ ಒಂದು ಭಾಗವನ್ನು ‘ಚೆಸ್ಟ್’ ಎಂಬ ಪ್ರತ್ಯೇಕ ನಿಧಿಯಲ್ಲಿರಿಸಿ, ಷೇರುಗಳನ್ನು ಕೊಳ್ಳತೊಡಗಿದನು.

ಆದರೆ ಹೊಸ ದಾರಿಯನ್ನು ಹಿಡಿದ ಮಾತ್ರಕ್ಕೆ ಗುರಿ ದೊರೆಯುವುದಿಲ್ಲ. ಕೇನ್ಸನು ಮೊದಲೇ ಒಮ್ಮೆ ಪೆಟ್ಟು ತಿಂದಿದ್ದನು. 1920ರಲ್ಲಿ ವಿದೇಶೀ ನಾಣ್ಯಗಳ ವ್ಯಾಪಾರದಲ್ಲಿ ತನ್ನ ಹಣವನ್ನೆಲ್ಲ ಕಳೆದುಕೊಂಡು, ಸಾಲ ಮಾಡಬೇಕಾಗಿ ಬಂದಿತ್ತು. ಆದರೂ ದೇಶದ ಆರ್ಥಿಕ ಏರಿಳಿತಗಳನ್ನು ಮುಂದಾಗಿ ಊಹಿಸಿ, ಬೆಲೆ ಏರುವ ಮುನ್ನ ಕೊಂಡು, ಇಳಿಯುವ ಮುನ್ನ ಮಾರಬಹುದೆಂಬ ವಿಶ್ವಾಸ ಅವನಲ್ಲಿ ಉಳಿದಿತ್ತು. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಜಗತ್ತಿನಲ್ಲೆಲ್ಲ ಹಾಹಾಕಾರವೆದ್ದಿತು. ಯುಗದ ಶ್ರೇಷ್ಠ ಅರ್ಥಶಾಸ್ತ್ರಜ್ಞನೂ ಅದನ್ನು ಮುಂಗಾಣಲಿಲ್ಲ. ಅವನಿಗೆ ಭಾರಿ ನಷ್ಟವಾಯಿತು.

ಕೇನ್ಸನ ಹಿರಿಮೆ ಕಾಣುವುದು ಇಲ್ಲಿಯೇ. ಅವನು ಕಾಲವನ್ನು ಹಳಿಯುತ್ತ ಕುಳಿತುಕೊಳ್ಳಲಿಲ್ಲ. ತನ್ನ ಸಿದ್ಧಾಂತವನ್ನೇ ಪರೀಕ್ಷೆಗೆ ಒಡ್ಡಿದನು. 1936ರಲ್ಲಿ ಹೊರಬಂದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಅವನು ಷೇರುಪೇಟೆಯನ್ನು ಪತ್ರಿಕೆಯ ಸ್ಪರ್ಧೆಯೊಂದಕ್ಕೆ ಹೋಲಿಸಿದನು. ನೂರು ಭಾವಚಿತ್ರಗಳಲ್ಲಿ ಅತಿ ಸುಂದರವಾದ ಆರು ಮುಖಗಳನ್ನು ಆರಿಸಬೇಕು. ಬಹುಮಂದಿಯ ಆಯ್ಕೆಗೆ ಯಾರ ಆಯ್ಕೆ ಹೊಂದುವುದೋ ಅವರಿಗೆ ಬಹುಮಾನ. ಇಂಥ ಆಟದಲ್ಲಿ ಸೌಂದರ್ಯವನ್ನು ಯಾರೂ ನೋಡುವುದಿಲ್ಲ. ಇತರರು ಏನನ್ನು ಊಹಿಸುವರೆಂಬುದನ್ನೇ ಎಲ್ಲರೂ ಊಹಿಸುತ್ತಾರೆ. ಈ ಆಟದಿಂದ ಹೊರನಿಂತು, ಉದ್ಯಮದ ನಿಜವಾದ ಸತ್ತ್ವವನ್ನೇ ನೋಡಬೇಕೆಂದು ಕೇನ್ಸನು ನಿಶ್ಚಯಿಸಿದನು.

1938ರಲ್ಲಿ ಅವನು ಕಾಲೇಜಿನ ಸಮಿತಿಗೆ ಮೂರು ನಿಯಮಗಳನ್ನು ಬರೆದು ತಿಳಿಸಿದನು. ಮೊದಲನೆಯದು, ನಿಜವಾದ ಮೌಲ್ಯಕ್ಕಿಂತ ಕಡಿಮೆ ಬೆಲೆಗೆ ದೊರೆಯುವ ಕೆಲವೇ ಷೇರುಗಳನ್ನು ಎಚ್ಚರಿಕೆಯಿಂದ ಆರಿಸುವುದು. ಎರಡನೆಯದು, ಅವುಗಳನ್ನು ಕಷ್ಟಸುಖಗಳೆರಡರಲ್ಲಿಯೂ ವರ್ಷಗಟ್ಟಲೆ ಬಿಡದೆ ಇಟ್ಟುಕೊಳ್ಳುವುದು. ಮೂರನೆಯದು, ಹೂಡಿಕೆಯಲ್ಲಿ ಸಮತೋಲವನ್ನು ಕಾಯುವುದು. ಎಂದರೆ, ಒಂದೇ ಕಾರಣದಿಂದ ಎಲ್ಲವೂ ಒಟ್ಟಿಗೆ ಕುಸಿಯದಂತೆ, ಬೇರೆ ಬೇರೆ ಬಗೆಯ ಅಪಾಯಗಳಿರುವ ಷೇರುಗಳನ್ನು ಕೂಡಿಸುವುದು. ಇತರ ಉದ್ಯಮಗಳ ಷೇರುಗಳ ಜೊತೆಗೆ ಅವನು ಚಿನ್ನದ ಗಣಿಗಳ ಷೇರುಗಳನ್ನೂ ಇಟ್ಟುಕೊಂಡಿದ್ದನು. ರಾಗಿಯ ಹೊಲದಲ್ಲಿ ಅವರೆ, ತೊಗರಿಗಳ ಅಕ್ಕಡಿ ಸಾಲನ್ನಿಡುವ ರೈತನಿಗೆ ಈ ತತ್ತ್ವ ಹೊಸದಲ್ಲ. ಒಂದು ಬೆಳೆ ಕೈಕೊಟ್ಟರೆ ಮತ್ತೊಂದು ಕೈಹಿಡಿಯುತ್ತದೆ. ಆದರೆ ತನಗೆ ತಿಳಿಯದ ಹತ್ತಾರು ಸಂಸ್ಥೆಗಳಲ್ಲಿ ಹಣವನ್ನು ಚೆಲ್ಲುವುದು ಸಮತೋಲವಲ್ಲವೆಂದೂ ಕೇನ್ಸನು ತಿಳಿದಿದ್ದನು.

ಈ ನಿಯಮಗಳಿಗೆ ಅಗ್ನಿಪರೀಕ್ಷೆಯೂ ಒದಗಿತು. 1937-38ರಲ್ಲಿ ಬೆಲೆಗಳು ಮತ್ತೆ ಬಿದ್ದವು, ನಿಧಿಯು ಕುಗ್ಗಿತು. ಅದು ಕೇನ್ಸನ ಸ್ವಂತ ಹಣವಲ್ಲ, ವಿದ್ಯಾಸಂಸ್ಥೆಯೊಂದರ ಹಣ. ಬೆದರಿ ಮಾರಿದ್ದರೆ ನಷ್ಟವು ಶಾಶ್ವತವಾಗುತ್ತಿತ್ತು. ಎಲ್ಲರೂ ಮಾರುವಾಗ ತಾನೂ ಓಡಿಹೋಗಿ ಮಾರುವುದು ಹೊಣೆಯರಿತವನ ಕರ್ತವ್ಯವಲ್ಲವೆಂದು ಅವನು ದೃಢವಾಗಿ ನಿಂತನು. ತಾಳಿದವನು ಬಾಳಿಯಾನು ಎಂಬ ಗಾದೆ ಸುಳ್ಳಾಗಲಿಲ್ಲ. ಸುಮಾರು 30,000 ಪೌಂಡುಗಳಿಂದ ಆರಂಭವಾದ ಆ ನಿಧಿಯು ಅವನ ಬಾಳಿನ ಕೊನೆಯ ವೇಳೆಗೆ ಸುಮಾರು 3,80,000 ಪೌಂಡುಗಳಷ್ಟಾಗಿತ್ತು.

ಕೇನ್ಸನು ಎರಡು ಬಾರಿ ಗುಂಪಿನಿಂದ ಬೇರೆಯಾಗಿ ಯೋಚಿಸಿದನು. ಮೊದಲ ಸಲ ಹಿರಿಯರ ರೂಢಿಯನ್ನು ಬಿಟ್ಟನು. ಎರಡನೆಯ ಸಲ ತನ್ನ ಸ್ವಂತ ಅಭಿಪ್ರಾಯವನ್ನೇ ಬಿಟ್ಟನು. ಇವುಗಳಲ್ಲಿ ಎರಡನೆಯದೇ ಹೆಚ್ಚು ಕಷ್ಟವಾದುದು. ಪರರ ತಪ್ಪನ್ನು ಕಾಣುವ ಕಣ್ಣು ಎಲ್ಲರಿಗೂ ಇರುತ್ತದೆ. ತನ್ನ ತಪ್ಪನ್ನು ಕಂಡು, ಒಪ್ಪಿ, ತಿದ್ದಿಕೊಳ್ಳುವ ಧೈರ್ಯ ಕೆಲವರಿಗೆ ಮಾತ್ರ. ಹಣದ ವಿಚಾರದಲ್ಲಿ ಹೇಗೋ, ಬಾಳಿನ ಇತರ ವಿಚಾರಗಳಲ್ಲಿಯೂ ಹಾಗೆಯೇ ಅದೇ ನಿಜವಾದ ಬಂಡವಾಳ.