ಮೋಟಾರ್ ಸೈಕಲ್ಲಿಗೆ ತಕ್ಕ ಕೀಲಿ



ಡೇರಿಗೆ ಹಾಲು, ಹೊಲಕ್ಕೆ ಗೊಬ್ಬರ ಒಯ್ಯುವ ಮೋಟಾರ್ ಸೈಕಲ್ಲು ಕಳುವಾದರೆ ಒಕ್ಕಲುತನದ ಕೆಲಸವೇ ನಿಲ್ಲುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಸಂತೆಗೆ ಹೋದಾಗ ಹ್ಯಾಂಡಲ್ ಕೀಲಿಯೊಂದನ್ನೇ ನಂಬಬೇಡಿರಿ. ಬಲವಾಗಿ ತಿರುವಿದರೆ ಅದು ಮುರಿಯಬಹುದು. ಡಿಸ್ಕ್ ಕೀಲಿ ಗಾಲಿಯನ್ನು ತಡೆಯುತ್ತದೆ, ಆದರೆ ಗಾಡಿಯನ್ನೇ ಎತ್ತಿ ಒಯ್ಯುವವರನ್ನು ತಡೆಯದು. ಆದುದರಿಂದ ಸರಪಳಿ ಕೀಲಿ ಕೊಳ್ಳಿರಿ.

ಸರಪಳಿಯ ಕೊಂಡಿ 10 ಮಿಲಿಮೀಟರಿಗೆ ಕಡಿಮೆ ದಪ್ಪವಿರಬಾರದು. ಕಂಬಾರರು ಕುಡುಗೋಲಿಗೆ ಕೊಡುವಂತೆ ಅದಕ್ಕೂ ಹದ ಕೊಟ್ಟಿರಬೇಕು. ಅಂಗಡಿಯವರ ಒಪ್ಪಿಗೆ ಪಡೆದು ಅರ ಹಚ್ಚಿ ನೋಡಿರಿ: ಹದವಾದ ಉಕ್ಕಿನ ಮೇಲೆ ಅರ ಜಾರುತ್ತದೆ, ಮೆತ್ತನೆಯ ಕಬ್ಬಿಣವನ್ನು ಕಚ್ಚುತ್ತದೆ.

ಸರಪಳಿಯನ್ನು ಹಿಂದಿನ ಗಾಲಿ, ಚೌಕಟ್ಟುಗಳೊಳಗಿಂದ ತಂದು ಗಟ್ಟಿಯಾಗಿ ನೆಟ್ಟ ಕಂಬಕ್ಕೆ ಬಿಗಿಯಿರಿ. ಅದು ನೆಲಕ್ಕೆ ತಾಗದಿರಲಿ; ತಾಗಿದರೆ ಸುತ್ತಿಗೆಯ ಪೆಟ್ಟಿಗೆ ನೆಲವೇ ಅಡಿಗಲ್ಲಾಗುತ್ತದೆ. ಚಾಸಿ ನಂಬರನ್ನು ಮನೆಯಲ್ಲಿ ಬರೆದಿಡಿರಿ. ಗಾಡಿ ಕಾಣದಿದ್ದರೆ ತಡಮಾಡದೆ 112ಕ್ಕೆ ತಿಳಿಸಿರಿ.