ಅಜ್ಜನ ಪಿಕಪ್ ಟ್ರಕ್ಕು: ಹಳೆಯ ವಾಹನದ ಜೀರ್ಣೋದ್ಧಾರಕ್ಕೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಅನಂತರದ ದಶಕಗಳಲ್ಲಿ ಜೀಪು ಹಾಗೂ ಅದೇ ವಂಶದ ಸಣ್ಣ ಟ್ರಕ್ಕುಗಳು ದೇಶದ ಮೂಲೆಮೂಲೆಗಳನ್ನು ತಲುಪಿದವು. ಮಲೆನಾಡಿನ ಕಾಫಿ ಮತ್ತು ಅಡಿಕೆ ತೋಟಗಳಲ್ಲಿ ಗೊಬ್ಬರ, ಕಟ್ಟಿಗೆ, ಫಸಲಿನ ಮೂಟೆ ಹೊತ್ತು ಕೆಸರಿನ ದಾರಿಗಳಲ್ಲಿ ಓಡಾಡಿದ ಇಂತಹ ವಾಹನಗಳು ಹಲವು ಮನೆಗಳ ಕೊಟ್ಟಿಗೆಗಳಲ್ಲಿ ಇಂದಿಗೂ ನಿಂತಿವೆ. ಮಾಲೀಕರಾಗಿದ್ದ ಅಜ್ಜ ತೀರಿಕೊಂಡಿರುತ್ತಾರೆ. ಮೊಮ್ಮಕ್ಕಳು ಮುಂಬಯಿ, ಪುಣೆ, ದೆಹಲಿಗಳಲ್ಲಿ ಉದ್ಯೋಗದಲ್ಲಿರುತ್ತಾರೆ. ಒಂದು ರಜೆಯಲ್ಲಿ ಊರಿಗೆ ಬಂದವರಿಗೆ ಆ ಟ್ರಕ್ಕನ್ನು ಮತ್ತೆ ಓಡಿಸಬೇಕೆಂಬ ಆಸೆ ಹುಟ್ಟುವುದು ಸಹಜ.

ಈ ಆಸೆಯು ಸಾಮಾನ್ಯವಾಗಿ ಬಣ್ಣ ಬಳಿಯುವವನ ಅಂಗಡಿಯಿಂದ ಆರಂಭವಾಗುತ್ತದೆ. ವಾಸ್ತವದಲ್ಲಿ ಬಣ್ಣವು ಕೊನೆಯ ಕೆಲಸ. ಮೊದಲನೆಯದು ಕಾಗದಪತ್ರಗಳ ಪರಿಶೀಲನೆ. ಕಾನೂನಿನ ದೃಷ್ಟಿಯಲ್ಲಿ ವಾಹನವೆಂದರೆ ಕಬ್ಬಿಣದ ಮೇಲಿನ ಸಂಖ್ಯೆ ಮತ್ತು ನೋಂದಣಿ ಪುಸ್ತಕದಲ್ಲಿನ ಸಂಖ್ಯೆ ಇವೆರಡರ ಹೊಂದಾಣಿಕೆ. ಇದು ತಪ್ಪಿದರೆ ಎಷ್ಟೇ ಹಣ ಸುರಿದು ಸಿದ್ಧಪಡಿಸಿದ ಟ್ರಕ್ಕಾದರೂ ರಸ್ತೆಗೆ ಇಳಿಯಲಾರದು.

ವಾರಸುದಾರರ ಹೆಸರಿಗೆ ವರ್ಗಾವಣೆ

ಮೋಟಾರು ವಾಹನಗಳ ಅಧಿನಿಯಮ, 1988ರ 50ನೆಯ ಪ್ರಕರಣವು ಮಾಲೀಕನ ಮರಣಾನಂತರದ ವರ್ಗಾವಣೆಯನ್ನು ಕುರಿತು ಹೇಳುತ್ತದೆ. ಅದರ ಅನ್ವಯ ರಚಿತವಾದ 1989ರ ಕೇಂದ್ರ ನಿಯಮಗಳಂತೆ, ವಾಹನವು ಯಾರ ಸ್ವಾಧೀನಕ್ಕೆ ಬಂದಿದೆಯೋ ಅವರು ಮರಣದ ಸಂಗತಿಯನ್ನೂ ವಾಹನವನ್ನು ಬಳಸುವ ತಮ್ಮ ಉದ್ದೇಶವನ್ನೂ 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು. ಹಾಗೆ ತಿಳಿಸಿದಲ್ಲಿ ಮರಣದ ದಿನದಿಂದ ಮೂರು ತಿಂಗಳವರೆಗೆ ವಾಹನವನ್ನು ಬಳಸಬಹುದು. ಆ ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕಾಗುತ್ತದೆ. ನೋಂದಣಿ ಪ್ರಮಾಣಪತ್ರ, ಮರಣ ಪ್ರಮಾಣಪತ್ರ ಮತ್ತು ವಿಮಾ ಪ್ರಮಾಣಪತ್ರಗಳನ್ನು ಅರ್ಜಿಯೊಡನೆ ಲಗತ್ತಿಸಬೇಕು. ಇತರ ವಾರಸುದಾರರ ಒಪ್ಪಿಗೆ ಪತ್ರವನ್ನೂ ಕಚೇರಿಗಳು ಸಾಮಾನ್ಯವಾಗಿ ಕೇಳುತ್ತವೆ. ಚಿಕ್ಕಪ್ಪ, ಅತ್ತೆಯರ ಸಹಿಯನ್ನು ಕೆಲಸ ಆರಂಭಿಸುವ ಮೊದಲೇ ಪಡೆಯುವುದು ಕ್ಷೇಮ. ಯಾರಿಗೂ ಬೇಡವಾಗಿದ್ದ ತುಕ್ಕು ಹಿಡಿದ ಟ್ರಕ್ಕು ಹೊಳೆಯತೊಡಗಿದ ಮೇಲೆ ಎಲ್ಲರಿಗೂ ತಮ್ಮ ಪಾಲು ನೆನಪಾಗುವುದುಂಟು.

ಅಜ್ಜ ತೀರಿಕೊಂಡು ಹತ್ತಾರು ವರ್ಷಗಳಾಗಿದ್ದು ಗಡುವು ಮೀರಿದ್ದರೆ ವಿಳಂಬಕ್ಕೆ ದಂಡ ತೆರಬೇಕಾಗುತ್ತದೆ. ಮಧ್ಯದಲ್ಲಿ ತಂದೆಯೂ ಗತಿಸಿದ್ದರೆ ಎರಡು ತಲೆಮಾರಿನ ದಾಖಲೆಗಳು ಬೇಕಾಗುತ್ತವೆ. ನೋಂದಣಿ ಪುಸ್ತಕ ಕಳೆದಿದ್ದಲ್ಲಿ ಪೊಲೀಸರಿಗೆ ದೂರು ನೀಡಿ ನಮೂನೆ 26ರಲ್ಲಿ ನಕಲು ಪ್ರತಿಗೆ ಅರ್ಜಿ ಹಾಕಬೇಕು. ಪುಸ್ತಕ ಸಿಕ್ಕಿದರೂ ಅದರಲ್ಲಿ ಬ್ಯಾಂಕಿನ ಸಾಲದ ನಮೂದು ಉಳಿದಿದೆಯೇ ಎಂದು ನೋಡಬೇಕು. ಸಾಲ ತೀರಿ ಎಷ್ಟೋ ಕಾಲವಾಗಿದ್ದರೂ ನಮೂದನ್ನು ತೆಗೆಸದಿದ್ದರೆ ಅದು ಹಾಗೆಯೇ ಇರುತ್ತದೆ. ಆಗ ಬ್ಯಾಂಕಿನಿಂದ ನಮೂನೆ 35 ಪಡೆಯಬೇಕಾಗುತ್ತದೆ. ಆ ಬ್ಯಾಂಕು ಬೇರೊಂದರಲ್ಲಿ ವಿಲೀನವಾಗಿದ್ದರೆ ಹೊಸ ಬ್ಯಾಂಕಿಗೆ ಪತ್ರ ಬರೆಯಬೇಕು. ಇಂದಿನ ಮಾಲೀಕರು ಮಾತ್ರ ಈ ತೊಡಕನ್ನು ಬಹುಮಟ್ಟಿಗೆ ತಪ್ಪಿಸಬಹುದು. ನೋಂದಣಿ ಪ್ರಮಾಣಪತ್ರದಲ್ಲಿ ನಾಮನಿರ್ದೇಶಿತರ ಹೆಸರು ಸೇರಿಸಲು 2021ರ ತಿದ್ದುಪಡಿಯು ಅವಕಾಶ ಮಾಡಿಕೊಟ್ಟಿದೆ.

ವಾಹನವನ್ನು ಬೇರೆ ರಾಜ್ಯಕ್ಕೆ ಒಯ್ಯುವವರಿಗೆ ಇನ್ನೊಂದು ಹಂತವಿದೆ. ಅಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸುವುದಾದರೆ ಹೊಸ ನೋಂದಣಿ ಸಂಖ್ಯೆ ಪಡೆಯತಕ್ಕದ್ದು. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಅಗತ್ಯ. ದೆಹಲಿಯ ಕನ್ನಡಿಗರು ವಿಶೇಷವಾಗಿ ಎಚ್ಚರ ವಹಿಸಬೇಕು. 15 ವರ್ಷ ಮೀರಿದ ಪೆಟ್ರೋಲ್ ಹಾಗೂ 10 ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2014 ಮತ್ತು 2015ರಲ್ಲಿ ನಿರ್ಬಂಧ ಹೇರಿತು. ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಅದನ್ನು ಎತ್ತಿಹಿಡಿಯಿತು. ಇದೇ ವಿಷಯದಲ್ಲಿ 2025ರಲ್ಲಿ ಮತ್ತೆ ಮಧ್ಯಂತರ ಆದೇಶಗಳು ಹೊರಬಿದ್ದಿವೆ. ಆದುದರಿಂದ ಅಂದಿನ ಸ್ಥಿತಿಯನ್ನು ವಿಚಾರಿಸದೆ ಹಳೆಯ ಟ್ರಕ್ಕನ್ನು ಆ ಪ್ರದೇಶಕ್ಕೆ ಸಾಗಿಸಬಾರದು. ಅಂತಹವರು ಅದನ್ನು ಊರಿನಲ್ಲಿಯೇ ಉಳಿಸಿಕೊಂಡು ಅಲ್ಲಿಯೇ ದುರಸ್ತಿ ಮಾಡಿಸುವುದು ಮೇಲು.

ಎಂಜಿನ್ ಬದಲಾಗಿದೆಯೆ?

ಹಳೆಯ ಪೆಟ್ರೋಲ್ ಜೀಪುಗಳ ಚರಿತ್ರೆಯಲ್ಲಿ ಒಂದು ಸಾಮಾನ್ಯ ಘಟ್ಟವಿದೆ. 1973ರ ನಂತರ ಪೆಟ್ರೋಲಿನ ಬೆಲೆ ಏರಿದಾಗ ಅನೇಕ ಮಾಲೀಕರು ಮೂಲ ಎಂಜಿನನ್ನು ತೆಗೆಸಿ ಡೀಸೆಲ್ ಎಂಜಿನ್ ಕೂರಿಸಿದರು. ಕೆಲವರು ಅದನ್ನು ಪುಸ್ತಕದಲ್ಲಿ ನಮೂದಿಸಿದರು, ಹಲವರು ನಮೂದಿಸಲಿಲ್ಲ. ಆದಕಾರಣ ಬಾನೆಟ್ ತೆರೆದು ಎಂಜಿನ್ನಿನ ಮೇಲಿನ ಸಂಖ್ಯೆಯನ್ನೂ ಇಂಧನದ ಬಗೆಯನ್ನೂ ಪುಸ್ತಕದೊಡನೆ ತಾಳೆ ನೋಡಬೇಕು. ವ್ಯತ್ಯಾಸ ಕಂಡುಬಂದರೆ ದುರಸ್ತಿಗೆ ಮುನ್ನವೇ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಸಂಪರ್ಕಿಸುವುದು ಅವಶ್ಯ. ಅಧಿನಿಯಮದ 52ನೆಯ ಪ್ರಕರಣವು ತಯಾರಕರು ನಿರ್ದಿಷ್ಟಪಡಿಸಿದ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಟನ್ನು ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಈ ನಿಲುವನ್ನು ದೃಢಪಡಿಸಿತು.

ಚಾಸಿ ಸಂಖ್ಯೆಯ ವಿಷಯ ಇದಕ್ಕಿಂತಲೂ ಸೂಕ್ಷ್ಮವಾದುದು. ತುಕ್ಕು ತೆಗೆಯುವ ಭರದಲ್ಲಿ ಗ್ರೈಂಡರ್ ಹಿಡಿದ ಕೆಲಸಗಾರನು ಐದು ನಿಮಿಷದಲ್ಲಿ ಆ ಅಂಕೆಗಳನ್ನು ಅಳಿಸಿಬಿಡಬಲ್ಲ. ಅಳಿದ ಸಂಖ್ಯೆಯ ವಾಹನವನ್ನು ತಪಾಸಣಾಧಿಕಾರಿಗಳು ಕಳವಿನ ಮಾಲೆಂದು ಶಂಕಿಸಿದರೆ ಅವರನ್ನು ದೂರುವಂತಿಲ್ಲ. ಆದ್ದರಿಂದ ಗ್ಯಾರೇಜಿಗೆ ಒಪ್ಪಿಸುವ ಮೊದಲು ಆ ಸ್ಥಳವನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ತೆಳು ಕಾಗದವನ್ನಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಳ್ಳಬೇಕು, ಛಾಯಾಚಿತ್ರವನ್ನೂ ತೆಗೆಯಬೇಕು. ಆಮೇಲೆ ಅಲ್ಲಿ ಗ್ರೀಸು ಬಳಿದು, ದಪ್ಪ ಟೇಪು ಅಂಟಿಸಿ, ಯಾರೂ ಮುಟ್ಟಬಾರದೆಂದು ಸ್ಪಷ್ಟವಾಗಿ ಹೇಳಬೇಕು.

ಐವತ್ತು ವರ್ಷ ಮೀರಿದ ವಾಹನಗಳಿಗಾಗಿ 2021ರಲ್ಲಿ ಪ್ರತ್ಯೇಕ ನಿಯಮಗಳು ಜಾರಿಗೆ ಬಂದಿವೆ. ಮೂಲರೂಪದಲ್ಲಿಯೇ ಉಳಿದಿರುವ, ಚಾಸಿ, ಕವಚ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆಯಾಗದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಿಯಮದಲ್ಲಿ ಗೊತ್ತುಪಡಿಸಿದ ಶುಲ್ಕ 20,000 ರೂಪಾಯಿ, ನೋಂದಣಿಯ ಅವಧಿ 10 ವರ್ಷ. ಆದರೆ ಇಂತಹ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ಭರ್ತಿ ಮುಂತಾದ ಉದ್ದೇಶಗಳಿಗಲ್ಲದೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಈ ಸೌಲಭ್ಯವು ವಾಣಿಜ್ಯೇತರ ವೈಯಕ್ತಿಕ ವಾಹನಗಳಿಗೆ ಸೀಮಿತವೆಂಬುದು ಪಿಕಪ್ ಮಾಲೀಕರಿಗೆ ಮುಖ್ಯವಾದ ಅಂಶ. ಅಜ್ಜನ ಟ್ರಕ್ಕು ಸರಕು ವಾಹನವೆಂದು ದಾಖಲಾಗಿದ್ದರೆ ಅದರ ಹಾದಿ ಬೇರೆ. ಎಂಟು ವರ್ಷ ಮೀರಿದ ಸಾರಿಗೆ ವಾಹನಕ್ಕೆ ಪ್ರತಿವರ್ಷವೂ ಅರ್ಹತಾ ಪ್ರಮಾಣಪತ್ರ ಬೇಕು. ಹಳೆಯ ವಾಹನಗಳ ಶುಲ್ಕಗಳು 2022ರಿಂದೀಚೆಗೆ ಬಹಳವಾಗಿ ಏರಿರುವುದರಿಂದ, ಪುಸ್ತಕದಲ್ಲಿ ಬರೆದಿರುವ ವರ್ಗ ಯಾವುದೆಂದು ನೋಡಿಕೊಂಡೇ ಖರ್ಚಿನ ಲೆಕ್ಕ ಹಾಕುವುದು ಜಾಣತನ.

ಗ್ಯಾರೇಜಿನಲ್ಲಿ

ವರ್ಷಗಟ್ಟಲೆ ನಿಂತ ಎಂಜಿನನ್ನು ಹೊಸ ಬ್ಯಾಟರಿ ಜೋಡಿಸಿ ಒಮ್ಮೆಲೇ ತಿರುಗಿಸಕೂಡದು. ಸಿಲಿಂಡರಿನ ಗೋಡೆಗೆ ಪಿಸ್ಟನ್ ರಿಂಗುಗಳು ತುಕ್ಕಿನಿಂದ ಕಚ್ಚಿಕೊಂಡಿದ್ದರೆ ಅವು ಮುರಿಯುತ್ತವೆ. ಪೆಟ್ರೋಲ್ ಎಂಜಿನ್ನಾದರೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ತುಸು ತೆಳು ಎಣ್ಣೆ ಬಿಟ್ಟು, ಕೆಲವು ದಿನ ಕಾದು, ಕೈ ಹ್ಯಾಂಡಲಿನಿಂದ ಮೆಲ್ಲನೆ ತಿರುಗಿಸಿ ನೋಡಬೇಕು. ಹಳೆಯ ಎಣ್ಣೆಯನ್ನು ಬಸಿದು ಹೊಸದನ್ನು ತುಂಬಿದ ಬಳಿಕವಷ್ಟೇ ಚಾಲೂ ಮಾಡುವ ಮಾತು. ವಿಲ್ಲೀಸ್ ವಂಶದ 2.2 ಲೀಟರಿನ ಹರಿಕೇನ್ ಎಂಜಿನ್ನಿನಲ್ಲಿ ಒಂದು ವೈಶಿಷ್ಟ್ಯವುಂಟು. ಇಂಧನ ಒಳಬರುವ ವಾಲ್ವುಗಳು ಮೇಲಿನ ಹೆಡ್ಡಿನಲ್ಲಿಯೂ ಹೊಗೆ ಹೊರಹೋಗುವ ವಾಲ್ವುಗಳು ಕೆಳಗಿನ ಬ್ಲಾಕಿನಲ್ಲಿಯೂ ಇವೆ. ಇಂದಿನ ಎಂಜಿನ್ನುಗಳನ್ನು ಮಾತ್ರ ಬಲ್ಲ ಮೆಕ್ಯಾನಿಕ್ ಹೆಡ್ಡನ್ನಷ್ಟೇ ಲೇತಿಗೆ ಕಳುಹಿಸಿ, ಬದಿಯ ಮುಚ್ಚಳದ ಹಿಂದಿರುವ ವಾಲ್ವುಗಳನ್ನು ಮರೆಯುವ ಸಂಭವವಿದೆ. ಹಳೆಯ ಜೀಪುಗಳಲ್ಲಿ ಪಳಗಿದ ಹಿರಿಯ ಮೆಕ್ಯಾನಿಕ್ ಇನ್ನೂ ಕೆಲಸ ಮಾಡುತ್ತಿದ್ದರೆ, ಊರು ದೂರವಾದರೂ ಅವರಲ್ಲಿಗೇ ಹೋಗುವುದು ಒಳ್ಳೆಯದು.

ಆದರೆ ಜೀವಕ್ಕೆ ಸಂಬಂಧಿಸಿದ್ದು ಎಂಜಿನ್ನಲ್ಲ, ಬ್ರೇಕು. ಈ ಕಾಲದ ವಾಹನಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಬ್ರೇಕ್ ಎಣ್ಣೆಯ ಮಾರ್ಗವಿರುತ್ತದೆ. ಎಲ್ಲಿಯೇ ಒಂದು ಕೊಳವೆ ಸೋರಿದರೂ ಪೆಡಲು ನೆಲಕ್ಕೆ ತಾಗುತ್ತದೆ, ನಾಲ್ಕು ಚಕ್ರಗಳೂ ಹಿಡಿತ ತಪ್ಪುತ್ತವೆ. ಬ್ರೇಕ್ ಎಣ್ಣೆಯು ಗಾಳಿಯ ತೇವವನ್ನು ಹೀರುವುದರಿಂದ ನಿಂತ ವಾಹನದಲ್ಲಿ ಕೊಳವೆಗಳು ಒಳಗಿನಿಂದಲೇ ತುಕ್ಕು ಹಿಡಿದಿರುತ್ತವೆ. ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರುಗಳ ರಬ್ಬರು, ರಬ್ಬರ್ ಹೋಸುಗಳು, ಲೋಹದ ಕೊಳವೆಗಳು ಇವನ್ನು ಪರೀಕ್ಷಿಸಿ ಉಳಿಸಿಕೊಳ್ಳುವುದಕ್ಕಿಂತ ಬದಲಿಸುವುದೇ ಸರಿ. ಉಳಿತಾಯ ಮಾಡುವವರು ಸೀಟಿನ ಹೊದಿಕೆಯಲ್ಲಿ ಮಾಡಲಿ. ಟೈರುಗಳ ವಿಷಯವೂ ಹಾಗೆಯೇ. ಗೀರುಗಳು ಸವೆಯದಿದ್ದರೂ ವಯಸ್ಸಾದ ರಬ್ಬರು ಬಿರಿಯುತ್ತದೆ.

ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಬೆರೆತಿರುವುದುಂಟು. ಡ್ರಮ್ಮು ತೆರೆದೊಡನೆ ಗಾಳಿ ಹೊಡೆದು ಧೂಳು ಹಾರಿಸುವುದು ಗ್ಯಾರೇಜುಗಳ ವಾಡಿಕೆ. ಆ ಧೂಳು ಶ್ವಾಸಕೋಶಕ್ಕೆ ಮಾರಕ. ಒದ್ದೆ ಬಟ್ಟೆಯಿಂದಲೇ ಒರೆಸಬೇಕು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಅದನ್ನೂ ನೀರು ಹಾಕಿಯೇ ಉಜ್ಜುವುದು, ಮಕ್ಕಳನ್ನು ದೂರವಿಡುವುದು ಅಗತ್ಯ. ಖಾಲಿಯಾದ ಪೆಟ್ರೋಲ್ ಟ್ಯಾಂಕಿನಲ್ಲಿಯೂ ಸ್ಫೋಟಿಸಬಲ್ಲ ಆವಿ ಉಳಿದಿರುತ್ತದೆ. ಟ್ಯಾಂಕನ್ನು ಕಳಚಿ ದೂರವಿರಿಸದೆ ಚಾಸಿಗೆ ವೆಲ್ಡಿಂಗ್ ಮಾಡಿಸಬಾರದು.

ಇಂಧನವೂ ಅಜ್ಜನ ಕಾಲದ್ದಲ್ಲ. ಸೀಸಸಹಿತ ಪೆಟ್ರೋಲಿನ ಮಾರಾಟ 2000ದಲ್ಲಿ ನಿಂತಿತು. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ಹಳೆಯ ರಬ್ಬರ್ ಕೊಳವೆಗಳನ್ನೂ ಪೆಟ್ರೋಲ್ ಪಂಪಿನ ಪೊರೆಯನ್ನೂ ಮೆತ್ತಗಾಗಿಸಿ ಕೆಡಿಸಬಲ್ಲದು. ಸೋರುವ ಕೊಳವೆಯ ಕೆಳಗೆ ಕಾದ ಎಂಜಿನ್ ಇರುತ್ತದೆಂಬುದನ್ನು ನೆನೆದರೆ ಎಥನಾಲ್ ತಡೆಯುವ ಹೊಸ ಕೊಳವೆಗಳ ಬೆಲೆ ಹೆಚ್ಚೆನಿಸದು.

ಬಿಡಿಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ದೆಹಲಿಯ ಕಾಶ್ಮೀರಿ ಗೇಟ್ ಮತ್ತು ಮಾಯಾಪುರಿಗಳಲ್ಲಿ ವಿಚಾರಿಸಬಹುದು. ಹಳೆಯ ಎಂಜಿನ್ ಅಥವಾ ಚಾಸಿ ಕೊಳ್ಳುವುದಾದರೆ ರಸೀದಿಯಿಲ್ಲದೆ ಕೊಳ್ಳಬಾರದು. ಹಳೆಯ ಭಾಗವನ್ನು ಕಳಚಿದೊಡನೆ ಗುಜರಿಗೆ ಹಾಕದೆ, ಹೊಸದು ಕೂತು ಒಂದು ಮಳೆಗಾಲ ಕಳೆಯುವವರೆಗೆ ಗುರುತಿನ ಚೀಟಿ ಕಟ್ಟಿ ಇಟ್ಟುಕೊಂಡರೆ ಅಳತೆಗೆ ಅದೇ ಆಧಾರವಾಗುತ್ತದೆ.

ಟ್ರಕ್ಕು ಸಿದ್ಧವಾದ ದಿನ ವಿಮೆಯಿಲ್ಲದೆ ಊರ ದಾರಿಯಲ್ಲಿ ಒಂದು ಸುತ್ತು ಹೋಗಿಬರುವ ಮೋಹವನ್ನು ತಡೆಯಬೇಕು. ಅಜ್ಜನ ಹೆಸರಿನ ವಿಮಾ ಪಾಲಿಸಿಯು ಅವರ ಮರಣದ ನಂತರ ಮೂರು ತಿಂಗಳು ಅಥವಾ ಪಾಲಿಸಿಯ ಅವಧಿ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಊರ್ಜಿತ. ಆಮೇಲೆ ಅಪಘಾತವಾದಲ್ಲಿ ಗಾಯಗೊಂಡವರ ಪರಿಹಾರದ ಹೊಣೆ ವಾಹನವನ್ನು ಸ್ವಾಧೀನದಲ್ಲಿಟ್ಟುಕೊಂಡವರ ಮೇಲೆಯೇ ಬೀಳುತ್ತದೆ.