ಹಳಿಯಿಲ್ಲದ ರೈಲುದಾರಿ

ನಾವು ರೈಲಿನಲ್ಲಿ ಹೋಗುವಾಗ ಏರು ತಗ್ಗು ಅಷ್ಟಾಗಿ ತಿಳಿಯುವುದಿಲ್ಲ. ಏಕೆ? ಕಡಿದಾದ ಏರನ್ನು ರೈಲು ಹತ್ತಲಾರದು. ಅದಕ್ಕಾಗಿ ದಾರಿಯನ್ನೇ ಸಮಮಾಡುತ್ತಾರೆ.

ಅಮೆರಿಕದ ನೆವಾಡಾದಲ್ಲಿ ಮೀಡ್ ಸರೋವರದ ಮೇಲ್ದಂಡೆಯಲ್ಲಿ ಇಂಥದೊಂದು ದಾರಿಯಿದೆ. ಹೂವರ್ ಅಣೆಕಟ್ಟಿನ ಕೆಲಸಕ್ಕೆಂದು 1931ರಲ್ಲಿ ಹಾಕಿದ ಹಳಿಗಳನ್ನು 1962ರಲ್ಲಿ ಕಿತ್ತರು. ಭಾರಿ ಯಂತ್ರಭಾಗಗಳು ಹಾಯಲೆಂದು ಕೊರೆದ, ಸುಮಾರು 25 ಅಡಿ ಅಗಲದ ಐದು ಸುರಂಗಗಳು ಉಳಿದಿವೆ. ಗುಡ್ಡಗಾಡಾದರೂ ಮಕ್ಕಳು ಕೂಡ ಅಲ್ಲಿ ಸುಲಭವಾಗಿ ನಡೆಯಬಲ್ಲರು.

ಕೆಳಗೆ ನೋಡಿದರೆ ದಡದ ಬಂಡೆಗಳಲ್ಲಿ ಬಿಳಿಯ ಪಟ್ಟೆ ಕಾಣುತ್ತದೆ. ನೀರು ಇಳಿದಾಗ ಅಂಟಿ ಉಳಿದ ಖನಿಜಗಳ ಗುರುತದು. 2000ದಿಂದೀಚೆಗೆ ಬರದಿಂದಲೂ ಬಳಕೆಯಿಂದಲೂ ಸರೋವರ ಬಹಳ ಇಳಿದಿದೆ. ಕಟ್ಟೆ ಕಟ್ಟಿದ ಮಾತ್ರಕ್ಕೆ ನೀರು ನಿಲ್ಲದು. ಮಿತವಾಗಿ ಬಳಸಲೂ ಬೇಕು. ನಮ್ಮೂರ ಕೆರೆಯ ಕಲ್ಲುಗಳ ಮೇಲೂ ಇಂಥ ಗೆರೆಯಿದೆಯೇ? ಹೋಗಿ ನೋಡೋಣ.